ಆಂಟಿ ಹೇಳಿದ ಕಾರ್ಟೂನ್ ಸಿನಿಮಾ

ಸ್ಪಿರಿಟ್ಟಿನ ವಾಸನೆ ಬಂದರೆ ಎಲ್ಲರಿಗೂ ಆಸ್ಪತ್ರೆ ನೆನಪಾಗುತ್ತದೆ. ನನಗೆ ಸಿನಿಮಾ ನೆನಪಾಗುತ್ತದೆ. ಮೊನ್ನೆ ಬನಶಂಕರಿಯ ಲ್ಯಾಬೊಂದರಲ್ಲಿ ಶುಗರ್ ಟೆಸ್ಟಿಗೆಂದು ತೋಳು ಚಾಚಿ ಕೂತಿದ್ದೆ. ಅಲ್ಲಿನ ಹುಡುಗಿ ಹತ್ತಿಯ ಉಂಡೆಯಿಂದ ಮೊಣಕೈಯ ಒಳಭಾಗ ಒರೆಸಿದಳು, ಅಷ್ಟೇ... ಯಡಿಯೂರಿನ ನಮ್ಮ ಹಳೆಯ ಬೀದಿ, ಎದುರು ಮನೆಯ ಕೆಂಪು ನೆಲ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ನಾವು ಏಳೆಂಟು ಮಕ್ಕಳು, ಎಲ್ಲ ಕಣ್ಣ ಮುಂದೆ ಬಂತು.

ಎದುರು ಮನೆ ಆಂಟಿಯ ಬಳಿ ವಿಸಿಆರ್ ಇತ್ತು. ಬೀದಿಗೆಲ್ಲ ಅದೊಂದೇ. ಕ್ಯಾಸೆಟ್ಟೂ ಒಂದೇ ಎನ್ನಬಹುದು, ಬೇರೆ ಯಾವುದನ್ನೂ ಹಾಕಲು ನಾವು ಬಿಡುತ್ತಿರಲಿಲ್ಲ. ಇಂಗ್ಲಿಷಿನ ಕಾರ್ಟೂನ್ ಚಿತ್ರ. ಒಬ್ಬ ಪುಟ್ಟ ರಾಜಕುಮಾರಿ, ಮಾತಾಡುವ ಹಕ್ಕಿಗಳು, ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡ ರಾಣಿ. ಪ್ರತಿ ಶನಿವಾರ ಮಧ್ಯಾಹ್ನ ಆಂಟಿ ಮೊದಲು ಸ್ಪಿರಿಟ್ ಹತ್ತಿಯಿಂದ ವಿಸಿಆರ್ ಒಳಗನ್ನು ಒರೆಸುತ್ತಿದ್ದರು, ದೇವರ ಸಾಮಾನು ಒರೆಸುವಷ್ಟು ನಾಜೂಕಾಗಿ. ಆಮೇಲೆ ಐದು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚಿತ್ರ ಓಡಿದಂತೆ ನಮಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದರಿಂದ ಕಥೆಗೇನೂ ಅಡ್ಡಿಯಾಗಿರಲಿಲ್ಲ.

ಪರದೆಯ ಮೇಲೆ ರಾಣಿ ಹುಡುಗಿಯನ್ನು ಗೋಪುರದೊಳಗೆ ದೂಡಿ ಬೀಗ ಜಡಿಯುವಳು. “ನೋಡ್ರೋ, ಹೊರಗಡೆ ಥಂಡಿ. ಮಗೂಗೆ ಜ್ವರ ಬಂದ್ಬಿಡುತ್ತೆ ಅಂತ ಅಮ್ಮ ಬಾಗಿಲು ಹಾಕ್ತಿದಾಳೆ.” ರಾಣಿ ಹುಡುಗಿಯ ತಟ್ಟೆ ಕಿತ್ತುಕೊಳ್ಳುವಳು. “ಅನ್ನ ಆರೋಗಿದೆ. ಬಿಸಿ ಮಾಡ್ಕೊಂಡ್ ಬರ್ತಾಳೆ.” ಕೊನೆಗೆ ರಾಣಿ ಬಂಡೆಯ ಮೇಲಿಂದ ಜಾರಿ ಕಾಣೆಯಾಗುವಳು. “ಅಮ್ಮ ಊರಿಗೆ ಹೋದ್ಲು. ಸೋಮವಾರ ಬರ್ತಾಳೆ.” ಆಗ ತೊಡೆಯ ಮೇಲಿದ್ದವಳು ಪ್ರತಿ ವಾರವೂ ತಿರುಗಿ, ಆಂಟಿಯ ಗಲ್ಲ ಹಿಡಿದು, “ನೀನು ಹೋಗ್ಬೇಡ ಅಮ್ಮ” ಎನ್ನುತ್ತಿದ್ದಳು. ಆಂಟಿ ಪ್ರತಿ ವಾರವೂ ನಗುತ್ತಿದ್ದರು.

ನನಗಾಗ ಹತ್ತು ವರ್ಷ. ಇಂಗ್ಲಿಷ್ ಮೀಡಿಯಂ ಸೇರಿ ತಲೆಗೆ ಕೊಂಬು ಬಂದಿತ್ತು. ಅಡುಗೆಮನೆಯಲ್ಲಿ ನಮ್ಮಮ್ಮ ನೆರೆಯವರ ಜೊತೆ ಪಿಸುಗುಡುವುದಕ್ಕೆ ಕಿವಿಗೊಡುವ ಚಟವೂ ಇತ್ತು. ಆಂಟಿ ಎರಡನೆಯ ಹೆಂಡತಿ, ಆ ಮಗುವನ್ನು ಹೆತ್ತವಳು ಹೆರಿಗೆಯಲ್ಲೇ ತೀರಿಹೋದಳು, ಮಗುವಿಗೆ ಇನ್ನೂ ಹೇಳಿಲ್ಲ ಎಂಬುದೆಲ್ಲ ಹಾಗೆ ಗೊತ್ತಾಗಿತ್ತು. ಬೀದಿಯ ದೊಡ್ಡವರಿಗೆಲ್ಲ ಅದು ಗೊತ್ತಿತ್ತು, ಯಾರೂ ತುಟಿ ಬಿಚ್ಚಿರಲಿಲ್ಲ. ತುಟಿ ಬಿಚ್ಚಿದ್ದು ನಾನು.

ಒಂದು ಶನಿವಾರ ಆ ಇಂಗ್ಲಿಷಿನ ನಡುವೆ ನನಗೆ ‘ಸ್ಟೆಪ್ ಮದರ್’ ಎಂಬ ಮಾತು ಸ್ಪಷ್ಟವಾಗಿ ಕೇಳಿಸಿತು.

“ಆಂಟಿ, ನೀವು ತಪ್ಪು ಹೇಳ್ತಿದೀರ. ಅವಳು ಅಮ್ಮ ಅಲ್ಲ, ಸ್ಟೆಪ್ ಮದರ್. ಅಂದ್ರೆ ಮಲತಾಯಿ. ಕೆಟ್ಟೋಳು.”

“ಮಲತಾಯಿ ಅಂದ್ರೆ?” ಎಂದಳು ಪುಟ್ಟವಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಗೊತ್ತಿರುವುದನ್ನು ಹೇಳದೆ ಸುಮ್ಮನಿರುವುದು ನನ್ನಿಂದಾಗಲಿಲ್ಲ.

“ನಿಜವಾದ ಅಮ್ಮ ಸತ್ತೋದ್ಮೇಲೆ ಅಪ್ಪ ಇನ್ನೊಬ್ರನ್ನ ಕರ್ಕೊಂಡ್ ಬರ್ತಾರಲ್ಲ, ಅವ್ರು. ನಿಮ್ಮಮ್ಮನ ಥರ.”

ಆಂಟಿ ಬೈಯಲಿಲ್ಲ. ಕಥೆ ಹೇಳುವುದನ್ನು ನಿಲ್ಲಿಸಿದರು. ಉಳಿದ ಚಿತ್ರ ಬರೀ ಇಂಗ್ಲಿಷಿನಲ್ಲಿ ಓಡಿತು. ರಾಣಿ ಬಂಡೆಯಿಂದ ಜಾರಿದಾಗ ಅವಳು ಸತ್ತೇಹೋದಳೆಂದು ನಮಗೆ ಮೊದಲ ಸಲ ತಿಳಿಯಿತು. ಹೊರಡುವಾಗ ಆಂಟಿ ಬಾಗಿಲಲ್ಲಿ ನನ್ನ ತಲೆ ಸವರಿ, “ನಿಂಗೆ ಇಂಗ್ಲಿಷ್ ಚೆನ್ನಾಗ್ ಬರುತ್ತೆ ಕಣಮ್ಮ” ಎಂದರು. ಹೊಗಳಿದರೆಂದುಕೊಂಡು ಕುಣಿಯುತ್ತಾ ಬೀದಿ ದಾಟಿದೆ.

ಹದಿನೈದು ದಿನ ಕಳೆದಿರಬಹುದು. ಬೆಳಿಗ್ಗೆ ಶಾಲೆಗೆ ಹೊರಟಾಗ ಎದುರು ಮನೆಯ ಮೆಟ್ಟಿಲ ಮೇಲೆ ಆಂಟಿ ಬಾಚಣಿಗೆ ಹಿಡಿದು ಕೂತಿದ್ದರು. ‘ಅಮ್ಮ, ಜಡೆ ಹಾಕು’ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಹುಡುಗಿ ಅಂದು ರಿಬ್ಬನ್ ಚಾಚಿ, ಮೆಲ್ಲಗೆ ಹೇಳಿದಳು: “ಆಂಟಿ, ಜಡೆ ಹಾಕಿ.”

ಅಮ್ಮನ ಜೊತೆಗೆ ಏಕವಚನವೂ ಹೋಗಿತ್ತು. ಆಂಟಿ ಜಡೆ ಹಾಕಿದರು. ನಾನು ತಲೆ ತಗ್ಗಿಸಿಕೊಂಡು ನಡೆದೆ. ನಾನು ಏನು ಮಾಡಿದ್ದೆ ಎಂಬುದು ಆಗಲೇ, ಹತ್ತನೆಯ ವಯಸ್ಸಿಗೇ, ಪೂರ್ತಿ ಅರ್ಥವಾಗಿತ್ತು. ಅರ್ಥವಾಗಿಯೂ ಹೋಗಿ ಕ್ಷಮೆ ಕೇಳಲಿಲ್ಲ.

ಶನಿವಾರದ ಸಿನಿಮಾ ನಿಂತುಹೋಯಿತು. ಬೇಸಿಗೆ ರಜೆಗೆ ಮಗುವನ್ನು ಗಿರಿನಗರಕ್ಕೆ, ಹೆತ್ತವಳ ತಾಯಿಯ ಮನೆಗೆ ಕಳಿಸಿದರು. ರಜೆ ಮುಗಿದರೂ ಅವಳು ಬರಲೊಪ್ಪಲಿಲ್ಲವಂತೆ. ಆಂಟಿ ಎಷ್ಟೋ ಸಂಜೆ ಗೇಟು ಹಿಡಿದು ನಿಂತಿರುತ್ತಿದ್ದರು... ಆಮೇಲೆ ಅವರೂ ಮನೆ ಖಾಲಿ ಮಾಡಿಕೊಂಡು ಹೋದರು.

ಹೋದ ವರ್ಷ ಯಡಿಯೂರು ಕೆರೆಯ ಸುತ್ತ ವಾಕಿಂಗ್ ಮಾಡುವಾಗ ಹೆಂಗಸೊಬ್ಬಳು ನನ್ನ ಹೆಸರು ಹಿಡಿದು ಕೂಗಿದಳು. ಅದೇ ಪುಟ್ಟವಳು. ಎದುರು ಮನೆಯ ಹುಡುಗಿ ಎಂದು ತಾನೇ ಗುರುತು ಹೇಳಿಕೊಂಡಳು.

“ಅಮ್ಮ ಹೇಗಿದಾರೆ?” ಎಂದೆ.

“ಯಾರು, ಆಂಟಿನಾ? ಹೋಗ್ಬಿಟ್ರು. ಮೂರು ವರ್ಷ ಆಯ್ತು.”

ನಿಮ್ಮ ಮನೇಲಿ ಆ ಕಾರ್ಟೂನ್ ಸಿನಿಮಾ ನೋಡ್ತಿದ್ವಲ್ಲ, ಅವರು ಕನ್ನಡದಲ್ಲಿ ಹೇಳೋರು, ನೆನಪಿದೆಯಾ ಎಂದೆ. ಅವಳು ನಿಜವಾಗಿಯೂ ಯೋಚಿಸಿದಳು. “ಯಾವ ಸಿನಿಮಾ? ಇಲ್ಲಪ್ಪ, ನಂಗೇನೂ ನೆನಪಿಲ್ಲ.” ಆ ತೊಡೆ, ಆ ಕಥೆ, ಸೋಮವಾರ ವಾಪಸ್ಸು ಬರುವ ಅಮ್ಮ... ಅವಳಲ್ಲಿ ಏನೂ ಉಳಿದಿರಲಿಲ್ಲ. ಉಳಿದಿರುವುದು ಅದನ್ನು ಹಾಳುಮಾಡಿದ ನನ್ನಲ್ಲಿ ಮಾತ್ರ. ತಪ್ಪಾಯಿತು ಎಂದು ಹೇಳಲು ಈಗ ಯಾರೂ ಇಲ್ಲ.

ಲ್ಯಾಬಿನ ಹುಡುಗಿ ಸೂಜಿ ತೆಗೆದು ಹತ್ತಿ ಇಟ್ಟಳು. “ಆಯ್ತು ಆಂಟಿ, ಗಟ್ಟಿಯಾಗಿ ಒತ್ಕೊಳ್ಳಿ.” ಈ ಊರಲ್ಲಿ ಯಾರು ಯಾರನ್ನು ಬೇಕಾದರೂ ಹಾಗೆ ಕರೆಯುತ್ತಾರೆ. ಯಾರಿಗೂ ಏನೂ ಅನಿಸುವುದಿಲ್ಲ. ನನ್ನ ಮುಖ ನೋಡಿ ಅವಳು ಗಾಬರಿಯಾದಳು.

“ತುಂಬಾ ನೋವಾಯ್ತಾ ಆಂಟಿ?”

ಇಲ್ಲ ಎಂದು ತಲೆಯಾಡಿಸಿ, ಹತ್ತಿ ಒತ್ತಿ ಹಿಡಿದುಕೊಂಡೇ ಎದ್ದು ಬಂದೆ.