ಚಿಟ್ಟುವಿನ ಕಣ್ಣುಪಟ್ಟಿ

ಎರಡು ವಾರ ನಾನು ಈ ಅಂಕಣ ಬರೆಯಲಿಲ್ಲ. ಫೋನ್ ಕೆಟ್ಟಿದೆ ಅಂತ ಪತ್ರಿಕೆಯವರಿಗೆ ಹೇಳಿದ್ದೆ. ಪಾಪ, ಅವರು ಅದನ್ನೇ ನಂಬಿ ನಿಮಗೂ ತಿಳಿಸಿದರು.

ಸುಳ್ಳು. ಫೋನಿಗೆ ಏನೂ ಆಗಿರಲಿಲ್ಲ.

ಆಗಿದ್ದು ನಮ್ಮ ಮನೆಯವರಿಗೆ. ಸೊಂಟ ಒಂದು ಕಡೆ, ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ತೇನಿಯ ಆಸ್ಪತ್ರೆಯಲ್ಲಿ ರಾಡ್ ಹಾಕಿ ಸ್ಕ್ರೂ ಬಿಗಿದಿದ್ದಾರೆ. ಎಕ್ಸ್-ರೇ ನೋಡಿದರೆ ನಮ್ಮ ಪಂಪ್‌ಸೆಟ್ಟಿನಲ್ಲೂ ಅಷ್ಟು ಕಬ್ಬಿಣವಿಲ್ಲ. ಇನ್ನು ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿ ಬಂದರೆ ಅದೇ ದೊಡ್ಡದು ಅಂದರು ಡಾಕ್ಟರ್.

ಕುದುರೆಗೆ ಹುಚ್ಚು ಹಿಡಿದು ಹೀಗಾಯಿತು ಅಂತ ಊರೆಲ್ಲ ಮಾತಾಡುತ್ತಿದೆ. ನಮ್ಮ ಮನೆಯಲ್ಲೂ ಅದೇ ಮಾತು. ಅದು ಸರಿಯಲ್ಲ ಅಂತ ಗೊತ್ತಿರುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಕುದುರೆಯ ವಿಷಯ ಹಿಂದೊಮ್ಮೆ ಬರೆದಿದ್ದೆ. (ಮರೆತಿದ್ದರೆ ಬೇಜಾರಿಲ್ಲ. ನನಗೂ ಕನ್ನಡಕ ಎಲ್ಲಿಟ್ಟೆ ಅನ್ನೋದು ಮರೆಯುತ್ತದೆ.) ಇಲ್ಲಿ ತಮಿಳುನಾಡಿನ ತೇವಾರಂ ಪಕ್ಕದಲ್ಲಿ ನಮ್ಮ ದ್ರಾಕ್ಷಿ ತೋಟ, ತೋಟದಲ್ಲೇ ಮನೆ. ಮನೆ ಪಕ್ಕದ ಕೊಟ್ಟಿಗೆ ಎತ್ತುಗಳಿಲ್ಲದೆ ಖಾಲಿ ಬಿದ್ದಿತ್ತು. ಎಪ್ಪತ್ತಕ್ಕೆ ಎರಡೇ ವರ್ಷ ಬಾಕಿ ಇರುವ ನಮ್ಮ ಮನೆಯವರು ಒಂದು ದಿನ ಮಿನಿ ಲಾರಿಯಿಂದ ಕಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ಇಳಿಸಿ ಅಲ್ಲಿ ಕಟ್ಟಿದರು.

“ಇದೇನು ಮಾವ?” ಅಂದೆ. (ಸೋದರಮಾವನ ಮಗನನ್ನೇ ಕಟ್ಟಿಕೊಂಡವಳು ನಾನು. ನಮ್ಮ ಕಡೆ ಗಂಡನೂ ಮಾವನೇ. ನಗಬೇಡಿ.)

“ಕುದ್ರೆ.”

“ಕಣ್ಣು ಕಾಣ್ತದೆ ನನಗ. ಯಾಕ ಅಂತ ಕೇಳ್ದೆ.”

“ವಂಡಿ ಹೂಡಕ್ಕ. ನಿನ್ನ ಕೂರಿಸ್ಕಂಡು ಸಂತೆಗ ಹೋಗ್ತೆ.” (ವಂಡಿ ಅಂದರೆ ಗಾಡಿ.)

“ಸಂತೆಗ ಬಸ್ಸು ಹೋಗ್ತದೆ.”

“ಬಸ್ಸಲ್ಲಿ ಒಂದು ದಿನನಾದ್ರೂ ನಿನ್ ಪಕ್ಕ ನನಗ ಸೀಟು ಸಿಕ್ಕಿತ್ತಾ?”

ಈ ವಯಸ್ಸಿನಲ್ಲಿ ಇಂಥ ಮಾತು ಕೇಳಿದ ಮೇಲೆ ಯಾವ ಹೆಂಗಸು ಕುದುರೆ ಬೇಡ ಅನ್ನುತ್ತಾಳೆ? ಚಿಟ್ಟು ಅಂತ ಹೆಸರಿಟ್ಟೆ. ತಮಿಳಿನಲ್ಲಿ ಗುಬ್ಬಚ್ಚಿಯನ್ನು ಹಾಗೆ ಕರೆಯುತ್ತಾರೆ. ಅಷ್ಟು ದೊಡ್ಡ ಮೈಯಿದ್ದರೂ ಒಂದು ಪ್ಲಾಸ್ಟಿಕ್ ಕವರ್ ಹಾರಿದರೆ ಮೈಯೆಲ್ಲ ನಡುಗಿಸುತ್ತಿತ್ತು.

ಪಳಗಿಸಲು ಉತ್ತಮಪಾಳ್ಯದಿಂದ ಕಾದರ್ ಭಾಯಿ ಬರುತ್ತಿದ್ದರು. ಅವರ ತಾತ ಮುತ್ತಾತರೆಲ್ಲ ಕುದುರೆಯವರೇ. ನಾವೋ ಎತ್ತಿನ ಜನ. ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ದನಗಳನ್ನು ಹೊಡೆದುಕೊಂಡು ಈ ಕಣಿವೆಗೆ ಇಳಿದವರು. ಕುದುರೆಯ ಬಾಲ ಯಾವ ಕಡೆ ಇರುತ್ತದೆ ಅನ್ನೋದು ಬಿಟ್ಟರೆ ನಮಗೆ ಹೆಚ್ಚೇನೂ ಗೊತ್ತಿರಲಿಲ್ಲ.

ಗಾಡಿಗೆ ಪಳಗಿಸೋದು ಅಂದರೆ ಚಾಟಿ ಅಂದುಕೊಂಡಿದ್ದೆ. ಭಾಯಿ ಚಾಟಿ ಮುಟ್ಟಲೇ ಇಲ್ಲ. ಎರಡು ತಿಂಗಳು ಉದ್ದನೆಯ ಹಗ್ಗ ಹಿಡಿದು ಚಿಟ್ಟುವಿನ ಹಿಂದೆ ಸುಮ್ಮನೆ ನಡೆದರು. ಜೊತೆಗೆ ನಮ್ಮ ಮನೆಯವರೂ ನಡೆದರು. (ಶುಗರ್ ಇಳಿಯಿತು.) ಆಮೇಲೆ ಹಳೆಯ ಟೈರೊಂದನ್ನು ಹಿಂದೆ ಕಟ್ಟಿ ಎಳೆಸಿದರು. ಮೊದಲ ದಿನ ಆ ಸದ್ದಿಗೇ ಚಿಟ್ಟು ನೀರಿನಲ್ಲಿ ಅದ್ದಿದ ಹಾಗೆ ಬೆವೆತಿತ್ತು. ಸದ್ದು ಅಭ್ಯಾಸವಾದ ಮೇಲೆ ಗಾಡಿ. ಗಾಡಿ ಹೂಡುವ ಮೊದಲು ತಲೆಗೆ ಚರ್ಮದ ಸಜ್ಜು, ಅದರಲ್ಲೇ ಕಣ್ಣಿನ ಎರಡೂ ಪಕ್ಕಕ್ಕೆ ಅಂಗೈಯಗಲದ ಪಟ್ಟಿ.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. “ಬಾಯಿಲ್ಲದ ಜೀವಕ್ಕೆ ಕಣ್ಣೂ ಕಟ್ಟೋದಾ ಭಾಯಿ?”

ಭಾಯಿ ತಮಿಳಿನಲ್ಲಿ ಸಮಾಧಾನವಾಗಿ ಹೇಳಿದರು. ಎತ್ತಿಗೆ ಗಾಡಿ ಅಂದರೆ ಹೊರೆ. ಕುದುರೆಗೆ ಹಾಗಲ್ಲ. ಅದರ ಕಣ್ಣು ಪಕ್ಕದಲ್ಲಿರುತ್ತದೆ, ಹಿಂದೆ ಬರುವುದೂ ಕಾಣುತ್ತದೆ. ಗಾಡಿ ಕಂಡರೆ ಏನೋ ಅಟ್ಟಿಸಿಕೊಂಡು ಬರುತ್ತಿದೆ ಅಂತ ಓಡುತ್ತದೆ. ಎಷ್ಟು ಓಡಿದರೂ ಅದು ಬೆನ್ನ ಹಿಂದೆಯೇ ಇರುತ್ತದಲ್ಲ, ಅದಕ್ಕೆ ನಿಲ್ಲುವುದೇ ಇಲ್ಲ. ಹಾಗಾಗಿ ಮನೆಗೆ ಬಂದ ಮೇಲೆ ಮೊದಲು ಗಾಡಿ ಕಳಚಿ ದೂರ ತಳ್ಳಬೇಕು. ಕೊನೆಗೆ ಮುಖದ ಪಟ್ಟಿ.

“ಮೊದಲ್ಲ ವಂಡಿ, ಅಪ್ಪುರಂ ಮೂಂಜಿ,” ಅಂದರು. ಮೊದಲು ಗಾಡಿ, ಆಮೇಲೆ ಮುಖ. ನಮ್ಮ ಮನೆಯವರ ಬಾಯಲ್ಲಿ ಮೂರು ಸಲ ಹೇಳಿಸಿದರು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ನನ್ನ ಕಿವಿ ಇವತ್ತಿಗೂ ಚೆನ್ನಾಗಿದೆ.

ಆದರೆ ನನ್ನ ಕೈಗೆ ಬೇರೆ ಪಾಠವಾಗಿತ್ತು.

ನಮ್ಮ ಮನೆಗಳಲ್ಲಿ ಎಳೆಯ ಎತ್ತು ಮೊದಲ ಸಲ ಗಾಡಿ ಎಳೆದುಕೊಂಡು ಬಂದರೆ ಅಂಗಳದಲ್ಲಿ ತಕ್ಷಣ ನೊಗ ಇಳಿಸುವುದಿಲ್ಲ. ಮನೆಯ ಹಿರಿಯ ಹೆಂಗಸು ಬರಬೇಕು. ಎತ್ತಿನ ತಲೆಯ ಮೇಲಿನ ಹಗ್ಗ, ಗೊಂಡೆ ಎಲ್ಲ ಬಿಚ್ಚಿ, ಒದ್ದೆ ಸೆರಗಿನಿಂದ ಮುಖ ಒರೆಸಿ, ಅರಿಶಿನ ಹಚ್ಚಿ, ಬೆಲ್ಲ ತಿನ್ನಿಸಬೇಕು. ಆಮೇಲೆ ನೊಗ. ಹೊರೆ ಕತ್ತಿನ ಮೇಲಿರುವಾಗಲೇ ಮನೆಯವಳ ಮುಖ ನೋಡಿದರೆ ಯಾರಿಗಾಗಿ ದುಡಿಯುತ್ತಿದ್ದೇನೆ ಅಂತ ಅದಕ್ಕೆ ತಿಳಿಯುತ್ತದೆ, ಬೇರೆ ಮನೆಯ ಕಡೆ ತಿರುಗುವುದಿಲ್ಲ. ನನ್ನ ಅತ್ತೆ ಮಾಡಿದ್ದರು. ಹನ್ನೊಂದು ಎತ್ತುಗಳಿಗೆ ನಾನು ಮಾಡಿದ್ದೇನೆ. ಒಂದೂ ಕಾಲು ಕೆದರಿರಲಿಲ್ಲ.

ಆ ದಿನ ಬೆಳಿಗ್ಗೆ ಚಿಟ್ಟು ಮೊದಲ ಸಲ ಟಾರು ರೋಡಿನಲ್ಲಿ ಗಾಡಿ ಎಳೆಯಿತು. ತೇವಾರಂ ತನಕ ಭಾಯಿ ಜೊತೆಗಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಇನ್ನು ನೀವೇ ಓಡಿಸಿಕೊಂಡು ಹೋಗಿ ಅಂದರಂತೆ. ನಮ್ಮ ಮನೆಯವರು ಒಬ್ಬರೇ ಬಂದರು. ಬೆನ್ನು ನೆಟ್ಟಗೆ, ಹೆಗಲ ಮೇಲೆ ಹೊಸ ಟವೆಲ್. ಮದುವೆಯ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ.

“ಏ ಪುಳ್ಳ, ನೋಡ್ದೆಯಾ? ಒಂದು ಲಾರಿಗೂ ಬೆದರಲಿಲ್ಲ.” (ಪುಳ್ಳ ಅಂದರೆ ಹುಡುಗಿ.)

“ನೋಡ್ದೆ, ನೋಡ್ದೆ. ಇಳೀ ಮೊದಲು. ಬಿದ್ದು ಗಿದ್ದೀಯ.”

ಇಳಿದರು. ಕೊಟ್ಟಿಗೆ ಮುಂದೆ ಬಗ್ಗಿ, ಗಾಡಿಯನ್ನು ಕುದುರೆಗೆ ಬಿಗಿದಿದ್ದ ಎಡಗಡೆಯ ಬಾರಿನ ಬಕಲ್ ಬಿಚ್ಚತೊಡಗಿದರು. ನಾನು ಅರಿಶಿನದ ಬಟ್ಟಲು, ಬೆಲ್ಲ ಹಿಡಿದು ಚಿಟ್ಟುವಿನ ಮುಂದೆ ನಿಂತೆ. ಕಣ್ಣಿನ ಪಟ್ಟಿ ಇಟ್ಟುಕೊಂಡು ಮುಖ ಒರೆಸುವುದು ಹೇಗೆ? ಗಂಟಲ ಹತ್ತಿರದ ಬಕಲ್ ಬಿಚ್ಚಿ, ಕಿವಿಗಳ ಮೇಲಿಂದ ಎಳೆದೆ. ಕಡಿವಾಣ ಸಮೇತ ಎಲ್ಲ ಕೈಗೆ ಬಂತು.

ಚಿಟ್ಟು ನನ್ನ ಮುಖ ನೋಡಿತು. ಅದು ನಿಜ. ಒಂದು ಕ್ಷಣ ನೋಡಿತು.

ಆಮೇಲೆ ಹಿಂದಿದ್ದ ಗಾಡಿಯನ್ನು ನೋಡಿತು.

ಹಾರಿದ್ದು ಕಂಡಿತು. ಬಗ್ಗಿದ್ದವರು ಏಳುವ ಮೊದಲೇ ಗಾಡಿಯ ಮರ ತಗುಲಿ ಬಿದ್ದರು. ಚಕ್ರ ಅವರ ತೊಡೆಯ ಮೇಲೆ ಹತ್ತಿ ಇಳಿಯಿತು. ಚಿಟ್ಟು ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳಿಗೆ ಗಾಡಿಯನ್ನು ಬಡಿಯುತ್ತಾ ಓಡಿ, ಕೊನೆಗೆ ಗಾಡಿ ಮಗುಚಿಕೊಂಡ ಮೇಲೆ ನಿಂತಿತು. ಮುಂಗಾಲು ಸೀಳಿ ರಕ್ತ ಸುರಿಯುತ್ತಿತ್ತು.

ನಾನು ಮೊದಲು ಏನು ಮಾಡಿದೆ ಗೊತ್ತೇ? ಗಂಡನ ಹತ್ತಿರ ಓಡಿದೆ, ಸರಿ. ಅವರ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ, ಅದೂ ಸರಿ. ನನ್ನ ಕೂಗಿಗೆ ಮಗ ರಾಮರಾಜ್ ತೋಟದ ಕಡೆಯಿಂದ ಓಡಿಬರುತ್ತಿದ್ದ. ಅವನು ತಲುಪುವ ಮೊದಲು ಕೈಯಲ್ಲಿದ್ದ ಕಣ್ಣುಪಟ್ಟಿಯನ್ನು ಪಕ್ಕದ ಹುಲ್ಲಿನ ರಾಶಿಯೊಳಗೆ ತುರುಕಿದೆ.

ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

“ಏನಾಯ್ತವ್ವಾ?” ಅಂದ ರಾಮರಾಜ್.

“ಒಂದೇ ಸಲ ಹಾರ್ತು,” ಅಂದೆ.

“ಕಿರುಕ್ಕು ಹಿಡಿದದೆ ಅದಕ್ಕ,” ಅಂದ. ಹುಚ್ಚು ಅಂತ. ನಾನು ಇಲ್ಲ ಅನ್ನಲಿಲ್ಲ.

ನೀವೇ ಹೇಳಿ, ಮನೆಗಳಲ್ಲಿ ನಾವೆಲ್ಲ ಮಾಡುವುದೇ ಇದಲ್ಲವೇ? ಹಾಲು ಉಕ್ಕಿದರೆ ಸ್ಟೌ ಸರಿಯಿಲ್ಲ. ಸಾರು ಉಪ್ಪಾದರೆ ಹೊಸ ಪ್ಯಾಕೆಟ್ ಸರಿಯಿಲ್ಲ. ಬರೆಯದಿದ್ದರೆ ಫೋನ್ ಸರಿಯಿಲ್ಲ. ಬಾಯಿಲ್ಲದ್ದು ಯಾವುದು ಹತ್ತಿರ ಸಿಗುತ್ತದೋ ಅದರ ಮೇಲೆ ಹಾಕಿ ಕೈ ಒರೆಸಿಕೊಳ್ಳುತ್ತೇವೆ. ಇಷ್ಟು ವರ್ಷ ಸ್ಟೌಗೆ ಅದರಿಂದ ಏನೂ ತೊಂದರೆಯಾಗಿರಲಿಲ್ಲ.

ಮೂರನೇ ದಿನ ಭಾಯಿ ಆಸ್ಪತ್ರೆಗೆ ಬಂದರು. ಕಿತ್ತಳೆ ಹಣ್ಣಿನ ಕವರ್ ಇಟ್ಟು ಕೂತರು. ಅಷ್ಟರಲ್ಲಾಗಲೇ ಕುದುರೆಯನ್ನು ಕಳಿಸಿಬಿಡಬೇಕು ಅಂತ ರಾಮರಾಜ್ ದಿಂಡಿಗಲ್ಲಿನ ಬ್ರೋಕರ್ ಒಬ್ಬನಿಗೆ ಫೋನ್ ಮಾಡಿದ್ದ.

ಭಾಯಿ ಅವನನ್ನು ತಡೆದರು. ಅವಸರ ಬೇಡ ತಂಬಿ, ಚಿಟ್ಟುವಿನ ಕಾಲು ವಾಸಿಯಾಗಲಿ, ನಾನೇ ನನ್ನ ಮನೆಗೆ ಕರೆದುಕೊಂಡು ಹೋಗಿ ಮತ್ತೆ ಮೊದಲಿನಿಂದ ಕಲಿಸುತ್ತೇನೆ ಅಂದರು. ಆಮೇಲೆ ನಮ್ಮ ಮನೆಯವರ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು. ಮುಖದ ಪಟ್ಟಿ ಕಳಚಿದ್ದು ಯಾರು?

ನನ್ನ ಬಾಯಲ್ಲಿ ಕಿತ್ತಳೆ ತೊಳೆ ಇತ್ತು. ಅಗಿಯಲೂ ಇಲ್ಲ, ನುಂಗಲೂ ಇಲ್ಲ.

ನಮ್ಮ ಮನೆಯವರು ಮೇಲಿನ ಫ್ಯಾನ್ ನೋಡುತ್ತಾ ಹೇಳಿದರು, “ಯಾರೂ ಇಲ್ಲ ಭಾಯಿ. ಅದೇ ತಲೆ ಕೊಡವಿ ಕಿತ್ತುಹಾಕ್ತು.”

ಭಾಯಿ ನನ್ನನ್ನು ಒಮ್ಮೆ ನೋಡಿದರು. ನಾನು ಕಿತ್ತಳೆಯ ಸಿಪ್ಪೆ ಎತ್ತಿಡುವವಳ ಹಾಗೆ ಬಗ್ಗಿದೆ.

ಪಟ್ಟಿ ಕಿತ್ತುಹಾಕಲು ಕಲಿತ ಕುದುರೆಗೆ ಇನ್ನು ಗಾಡಿ ಇಲ್ಲ ಅಂದರು ಭಾಯಿ. ತಂದು ಕಟ್ಟಿದರೆ ನಾಳೆ ಇನ್ನೊಬ್ಬರ ಪ್ರಾಣ ತೆಗೆಯುತ್ತದೆ, ನನ್ನಿಂದ ಆಗುವುದಿಲ್ಲ ಅಂತ ಎದ್ದು ಹೋದರು.

ಬ್ರೋಕರ್ ಬಂದ ದಿನ ನಾನು ಮನೆಯಲ್ಲಿದ್ದೆ. ಚಿಟ್ಟು ಮೂರು ಕಾಲಿನಲ್ಲಿ ಲಾರಿ ಹತ್ತಿತು. ಯಾಕೆ ಕೊಡುತ್ತಿದ್ದೀರಿ ಅಂತ ಅವನು ಕೇಳಿದ. “ಜನಾನ ಹೊಡೆಯೋ ಕುದ್ರೆ,” ಅಂದ ರಾಮರಾಜ್. ಬ್ರೋಕರ್ ತಲೆಯಾಡಿಸಿದ. ಗಾಡಿಗೂ ಆಗದ ಕುಂಟು ಕುದುರೆ ಎಲ್ಲಿಗೆ ಹೋಗುತ್ತದೆ ಅಂತ ಅವನಿಗೆ ಆಗಲೇ ಗೊತ್ತಿದ್ದ ಹಾಗಿತ್ತು. ಬೆಲ್ಲ ಕೊಡಲು ಹೋದೆ. ಚಿಟ್ಟು ಮುಖ ತಿರುಗಿಸಲಿಲ್ಲ. ತಿಂದಿತು. ಅದೇ ನನಗೆ ತಡೆಯಲಾಗುತ್ತಿಲ್ಲ.

ನಮ್ಮ ಮನೆಯವರು ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಮೈ ಒರೆಸುತ್ತಿದ್ದೆ. ಬೆನ್ನು ನನ್ನ ಕಡೆ ಇತ್ತು. ಮುಖ ಕಾಣದಿದ್ದರೆ ಹೇಳುವುದು ಸುಲಭ.

“ಮಾವ, ಅವತ್ತು ಪಟ್ಟಿ ಬಿಚ್ಚಿದ್ದು ನಾನು.”

“ಗೊತ್ತು.”

“ಎಂಗೆ?”

“ನೀನು ನನ್ನ ಎತ್ತುವಾಗ ಕೈಲಿ ಅದೇ ಇತ್ತು. ನನ್ ಮೂಗಿಗೇ ಬಡೀತು.”

ನನ್ನ ಕೈ ನಿಂತಿತು. “ಮತ್ತ ಭಾಯಿ ಹತ್ರ ಯಾಕ ಅಂಗ ಹೇಳ್ದೆ?”

“ಇನ್ನ ಮ್ಯಾಲ ನನಗ ಗಂಜಿ ಊಡೋದು ನೀನಾ, ಕುದ್ರೆಯಾ?”

ನಗಿಸಲು ಹೇಳಿದ್ದು ಅದು. ನನಗೆ ಅವರ ತಮಾಷೆ ಗೊತ್ತು. ಆದರೆ ಹೇಳಿದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದವರು ಊಟಕ್ಕೂ ತಿರುಗಲಿಲ್ಲ.

ಬ್ರೋಕರಿಗೆ ಫೋನ್ ಮಾಡಿದೆ. “ಕುಡುತ್ತಾಚ್ಚಮ್ಮಾ,” ಅಂದ. ಕೊಟ್ಟಾಯಿತು. ಯಾರಿಗೆ ಅಂದರೆ ಫೋನ್ ಇಟ್ಟ. ಮೂರನೇ ಸಲ ಕರೆ ಹೋಗಲೇ ಇಲ್ಲ. ಭಾಯಿಗೆ ಇನ್ನೂ ಫೋನ್ ಮಾಡಿಲ್ಲ. ನಂಬರ್ ತೆರೆಯುತ್ತೇನೆ, ಮುಚ್ಚುತ್ತೇನೆ.

ಈಗಷ್ಟೇ ಜಗಲಿಯಲ್ಲಿ ಕೂತು ಒಂದೇ ಬೆರಳಿನಲ್ಲಿ ಇದನ್ನು ಟೈಪ್ ಮಾಡುತ್ತಿದ್ದಾಗ ರಾಮರಾಜ್ ಬಂದು ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದ.

“ಕುದ್ರೆ ಕತೆಯಾ ಅವ್ವಾ?”

“ಹೂಂ.”

“ಬರಿ, ಬರಿ. ಅಂಥ ಕುದ್ರೇನ ಯಾರೂ ಕಟ್ಟಬ್ಯಾಡಿ ಅಂತ ಬರಿ.”

ಬೆನ್ನು ತಟ್ಟಿ ಹೋದ. ಚಿಕ್ಕಂದಿನಲ್ಲಿ ಕೊಳ್ಳೇಗಾಲದ ದೊಡ್ಡಮ್ಮನ ಮನೆಯಲ್ಲಿದ್ದು ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಅದರ ಅಕ್ಷರ ಗೊತ್ತಿರುವುದು ನನಗೊಬ್ಬಳಿಗೇ.

ಅವನಿಗೆ ಓದಲು ಬರುತ್ತಿದ್ದರೆ ಇದನ್ನು ನಾನು ಬರೆಯುತ್ತಿದ್ದೆನಾ?