ಕುಬಸ ಮುಗಿಯಲಿ ಎಂದರು

ಲಾಸ್ ಏಂಜಲೀಸ್‌ನ ಆಸ್ಪತ್ರೆಯಲ್ಲಿ ನರ್ಸ್ ತಂದಿಟ್ಟ ಟ್ಯಾಬ್ಲೆಟ್ಟಿನೊಳಗಿಂದ ಹೆಂಗಸೊಬ್ಬಳು ಕನ್ನಡದಲ್ಲಿ ಮಾತಾಡಿದಳು. ಅವಳು ದುಭಾಷಿ. "ಮೇಡಂ, ನಿಮ್ಮ ಹೊಟ್ಟೆಯಲ್ಲಿರೋ ಅವಳಿಗಳಲ್ಲಿ ಒಂದು ಮಗು ದಾನಿಯಂತೆ. ಅದರ ರಕ್ತ ಇನ್ನೊಂದು ಮಗುವಿಗೆ ಹೋಗ್ತಾ ಇದೆ. ಹೋದ ವಾರವೇ ಗೊತ್ತಾಗಿತ್ತಲ್ಲ, ಯಾಕೆ ತಡ ಮಾಡಿದ್ರಿ ಅಂತ ಡಾಕ್ಟರ್ ಕೇಳ್ತಿದಾರೆ."

ನನಗೆ ಯಾರೂ ಹೇಳಿರಲಿಲ್ಲ.

ಮದುವೆಯಾಗಿ ಧಾರವಾಡದಿಂದ ಸ್ಯಾನ್ ಡಿಯಾಗೊಗೆ ಬಂದು ವರ್ಷವಾಗಿತ್ತು. ಕೋವಿಡ್ ಕಾಲ. ಅಂಗಡಿಯಲ್ಲಿ ಕೊತ್ತಂಬರಿ ಕೇಳುವಷ್ಟು ಇಂಗ್ಲಿಷ್ ಬಂದಿತ್ತು, ಡಾಕ್ಟರರ ಇಂಗ್ಲಿಷ್ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಸ್ಕ್ಯಾನಿನ ದಿನ ಗಂಡ ಫೋನಿನಲ್ಲೇ ಎಲ್ಲ ಕೇಳಿಸಿಕೊಂಡು, ದುಭಾಷಿ ಬೇಡ, ನಾನೇ ಹೇಳುತ್ತೇನೆ ಎಂದಿದ್ದ. ಹೇಳಿದ್ದು ಇಷ್ಟೇ: ಎರಡೂ ಹೆಣ್ಣು, ಒಂದೇ ಮಾಸು ಹಂಚಿಕೊಂಡಿವೆ. ಹಂಚಿಕೊಂಡು ತಿನ್ನೋದನ್ನ ಈಗಲೇ ಕಲಿತಿವೆ ಎಂದು ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವ್ವ ನಗಲಿಲ್ಲ.

ಆ ಭಾನುವಾರ ಐದನೇ ತಿಂಗಳ ಕುಬಸ, ಅಂದರೆ ನಮ್ಮ ಕಡೆಯ ಸೀಮಂತ. ಹಸಿರು ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕೂತೆ. ಧಾರವಾಡದ ಮಂದಿ ಝೂಮ್‌ನಲ್ಲಿ ಹಾಡಿದರು. ಕೂಡಲೇ ಲಾಸ್ ಏಂಜಲೀಸ್‌ಗೆ ಹೋಗಿ ಲೇಸರ್ ಚಿಕಿತ್ಸೆ ಮಾಡಿಸಿ ಎಂದು ಡಾಕ್ಟರು ಹೇಳಿದ್ದನ್ನು ನುಂಗಿಕೊಂಡು ಗಂಡ ಪಕ್ಕದಲ್ಲೇ ನಗುತ್ತ ಕೂತಿದ್ದ. ಮರುದಿನ, ಇನ್ನೊಂದು ಸ್ಕ್ಯಾನ್ ಇದೆ ಎಂದಷ್ಟೇ ಹೇಳಿ ಅಲ್ಲಿಗೆ ಕರೆದೊಯ್ದ.

ನಮ್ಮಲ್ಲಿ ಕೆಟ್ಟ ಸುದ್ದಿಯಿದ್ದರೆ ಡಾಕ್ಟರು ಮನೆಯವರನ್ನು ಹೊರಗೆ ಕರೆದು ಹೇಳುತ್ತಾರೆ. ಇಲ್ಲಿ ರೋಗಿಯ ಮುಖ ನೋಡಿಯೇ ಹೇಳುತ್ತಾರೆ. ನನ್ನವರು ಇಲ್ಲಿಯೂ ಅಲ್ಲಿಯದನ್ನೇ ನಡೆಸಿದರು. ಕೋವಿಡ್ ನಿಯಮದಿಂದ ಗಂಡ ಕಾರಿನಲ್ಲೇ ಉಳಿಯಬೇಕಾಯಿತು, ಅದಕ್ಕೇ ನಿಜ ನನ್ನ ಕಿವಿಗೆ ಬಿತ್ತು.

ಫೋನ್ ಮಾಡಿದರೆ, ನೀ ಗಾಬರಿ ಆಗ್ತಿ ಅಂತ ಹೇಳಲಿಲ್ಲ ಎಂದ. ಅವ್ವನಿಗೂ ಗೊತ್ತಿತ್ತು.

"ಕುಬಸ ಮುಗೀಲಿ, ಆಮ್ಯಾಲೆ ಹೇಳು ಅಂತ ನಾನ ಅಂದಿದ್ದೆ," ಎಂದಳು.

"ನನ್ನ ಹೊಟ್ಟಿ ಸುದ್ದಿ ಮೊದಲ ನನಗ ಹೇಳಬೇಕಿತ್ತವ್ವಾ."

ಮಕ್ಕಳ ನಡುವಿನ ರಕ್ತನಾಳಗಳನ್ನು ಲೇಸರಿನಿಂದ ಮುಚ್ಚಿದರು. ದೊಡ್ಡವಳು ಉಳಿದಳು. ಕೊಟ್ಟು ಕೊಟ್ಟು ಸೊರಗಿದ ಚಿಕ್ಕವಳು ಉಳಿಯಲಿಲ್ಲ. ಹೆರಿಗೆಯವರೆಗೂ ಇಬ್ಬರನ್ನೂ ಹೊತ್ತೆ. ವಾರ ಮೊದಲೇ ಬಂದಿದ್ದರೆ ಚಿಕ್ಕವಳು ಬದುಕುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಹಾಗೆಂದು ಖಚಿತವಾಗಿ ಹೇಳಲಾಗದು ಎಂದರು. ಆ ಉತ್ತರವನ್ನು ನಾನು ಗಂಡನಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಳಿದರೆ ಅವನಿಗೆ ಸಮಾಧಾನವಾದೀತು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಸಾಕು, ಕೂಸಿನ್ನ ಕರಕೊಂಡು ಊರಿಗೆ ಬಂದುಬಿಡು ಎಂದು ಅವ್ವ ಕರೆಯುತ್ತಾಳೆ. ಸಿಟ್ಟು ಬಂದಾಗ ಹೊರಡಬೇಕೆನ್ನಿಸುತ್ತದೆ, ಆದರೆ ಅಲ್ಲಿಯೂ ನನ್ನಿಂದ ಮುಚ್ಚಿಟ್ಟವರೇ ಇದ್ದಾರೆ. ಚಿಕ್ಕವಳನ್ನು ಸ್ಯಾನ್ ಡಿಯಾಗೊದಲ್ಲೇ ಮಣ್ಣು ಮಾಡಿದ್ದೇವೆ. ಈ ದೇಶದಲ್ಲಿ ನನಗೆ ಸುಳ್ಳು ಹೇಳದ ನನ್ನವಳು ಅವಳೊಬ್ಬಳೇ.