ಕರಿಘಟ್ಟದ ಏರಿನಲ್ಲಿ ಸೋಮಯ್ಯನ ಕಿವಿ

ನಮ್ಮ ಭಾವ ಸೋಮಯ್ಯನವರಿಗೆ ಕಿವಿ ಹೋಗುತ್ತಿದೆ ಎಂಬುದು ಅವರನ್ನು ಬಿಟ್ಟರೆ ಇಬ್ಬರಿಗೇ ಗೊತ್ತಿತ್ತು. ಒಬ್ಬಳು ಅವರ ಹೆಂಡತಿ, ಅಂದರೆ ನನ್ನ ಅಕ್ಕ ಯಶೋದಮ್ಮ. ಇನ್ನೊಬ್ಬ ನಾನು, ಚಿಕ್ಕಯ್ಯ. ಶ್ರೀರಂಗಪಟ್ಟಣದಲ್ಲಿ ಭಾವನ ಗ್ಯಾರೇಜಿನ ಮೂಲೆಯಲ್ಲೇ ಪಂಕ್ಚರ್ ಅಂಗಡಿ ಇಟ್ಟುಕೊಂಡವನು. ಮೂರನೆಯವರಿಗೆ ತಿಳಿದರೆ ಗ್ಯಾರೇಜಿಗೆ ಬೀಗ ಹಾಕಿಕೊಂಡು ಹೋಗಬೇಕಾಗಿತ್ತು.

ಭಾವ ತೊಣ್ಣೂರಿನವರು. ಮೀಸೆ ಮೂಡುವ ಮೊದಲೇ ಪಾಂಡವಪುರದ ಅಕ್ಕಿ ಗಿರಣಿಯೊಂದರಲ್ಲಿ ಡೀಸೆಲ್ ಇಂಜಿನ್ನಿನ ಪಕ್ಕ ನಿಂತು ಕೆಲಸ ಕಲಿತರು. ಆ ಗುಡುಗುಡು ಸದ್ದೇ ಕಿವಿಯನ್ನು ತಿಂದುಹಾಕಿತು ಎಂದು ಅಕ್ಕನ ವಾದ. ಮಾತು ಕೇಳುತ್ತಿತ್ತು, ಹಾರ್ನ್ ಕೇಳುತ್ತಿತ್ತು. ಸಣ್ಣ ಚೂಪು ಸದ್ದು ಮಾತ್ರ ಕೇಳುತ್ತಿರಲಿಲ್ಲ. "ಇಂಜಿನ್ ಒಳಗಿನ ಸದ್ದು ಒಂದೇ ಕಣ್ಲಾ ಹೋಗಿರೋದು, ಮಿಕ್ಕಿದ್ದೆಲ್ಲ ನೆಟ್ಟಗೈತೆ" ಎನ್ನುತ್ತಿದ್ದರು. ಮೆಕ್ಯಾನಿಕ್ಕಿಗೆ ಮಿಕ್ಕಿದ್ದನ್ನು ಕಟ್ಟಿಕೊಂಡು ಏನಾಗಬೇಕು ಹೇಳಿ!

ಯಾಕೆಂದರೆ ಭಾವನ ಹೆಸರು ನಿಂತಿದ್ದೇ ಟೈಮಿಂಗ್ ಕೂರಿಸುವುದರ ಮೇಲೆ. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಬೇಗ ಹತ್ತಿದರೆ ಒಳಗೆ ಕಟಕಟ ಬಡಿಯುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ತೂತು ಬೀಳುತ್ತದೆ. ಕಿಡಿ ತಡವಾದರೆ ಗಾಡಿ ಎಳೆಯುವುದಿಲ್ಲ, ಕಾದು ಕುದಿಯುತ್ತದೆ. ಇವೆರಡರ ನಡುವಿನ ಜಾಗ ಕೂದಲೆಳೆಯಷ್ಟು. ಭಾವ ಅದನ್ನು ಕರಿಘಟ್ಟದ ಏರಿನಲ್ಲಿ ಹುಡುಕುತ್ತಿದ್ದರು. ಗಾಡಿ ಹತ್ತಿಸುವುದು, ಕಿವಿಗೊಟ್ಟು ಕೇಳುವುದು, ನಿಲ್ಲಿಸಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಎಳ್ಳಷ್ಟು ತಿರುಗಿಸುವುದು, ಮತ್ತೆ ಹತ್ತಿಸುವುದು. ಜೋರಾಗಿ ಬಡಿದರೆ ಯಾರಿಗೂ ಕೇಳುತ್ತದೆ. ಎಳೆಯಾಗಿ ಬಡಿದಾಗ ಕೇಳಬೇಕು, ಅದು ಕೆಲಸ.

ಕಿವಿ ಕೈಕೊಟ್ಟ ಮೇಲೆ ಅಕ್ಕ ಜೊತೆಗೆ ಹೊರಡತೊಡಗಿದಳು. ಮಡಿಲಲ್ಲಿ ತುಳಸಿ ಹಾರ. ಬೆಟ್ಟದ ಮೇಲಿನ ಶ್ರೀನಿವಾಸನ ದರ್ಶನವೆಂಬ ನೆಪ. ಮುಂದಿನ ಸೀಟಿನಲ್ಲಿ ಕೂತು, ಬಡಿತ ಕೇಳಿದೊಡನೆ ಭಾವನ ತೊಡೆ ಚಿವುಟುತ್ತಿದ್ದಳು. "ಏನ್ ಸೋಮಣ್ಣ, ಎಂಡ್ತಿ ಬುಟ್ಟು ಗಾಡಿ ಓಡಾಕಿಲ್ವಾ?" ಎಂದು ಜನ ಕಿಸಕಿಸ ನಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ, ಮೈಯೆಲ್ಲ ಉರಿಯುತ್ತಿತ್ತು. ಸುಮ್ಮನಿರು ಎಂದು ಅಕ್ಕ ಕಣ್ಣು ಬಿಡುತ್ತಿದ್ದಳು.

ತೊಂಬತ್ತಾರರ ಬೇಸಿಗೆಯಲ್ಲಿ ನಾಗಮಂಗಲದ ರವೀಂದ್ರ ತನ್ನ ಹಳೇ ಫಿಯಟ್ಟು ತಂದ. ಜೋರಾಗಿ ಓಡಲಿ ಎಂದು ಇಂಜಿನ್ನಿನ ಹೆಡ್ಡನ್ನು ಉಜ್ಜಿಸಿ ತೆಳ್ಳಗೆ ಮಾಡಿಸಿದ್ದ, ದೊಡ್ಡ ಕಾರ್ಬುರೇಟರ್ ಹಾಕಿಸಿದ್ದ. ಓಡಿದ್ದೇನೋ ಹೌದು, ಆದರೆ ಏರು ಕಂಡರೆ ಬಡಿತ. ಕೆ.ಆರ್. ಪೇಟೆಯಲ್ಲಿ ತೋರಿಸಿದರೂ ನಿಂತಿರಲಿಲ್ಲ. ಆಸಾಮಿಯ ಬಾಯಿ ಬಲು ದೊಡ್ಡದು. ಆ ಕಡೆಯ ಟ್ಯಾಕ್ಸಿಯವರೆಲ್ಲ ಅವನ ಮಾತು ಕೇಳಿಯೇ ಗಾಡಿಯನ್ನು ಯಾರ ಕೈಗೆ ಕೊಡುವುದೆಂದು ತೀರ್ಮಾನಿಸುತ್ತಿದ್ದರು. ಇವನಿಗೆ ಗುಟ್ಟು ಗೊತ್ತಾದರೆ ನಮ್ಮ ಕಥೆ ಮುಗಿದಂತೆಯೇ.

"ನಾನೂ ಬತ್ತೀನಿ. ಮುಂದ್ಗಡೆ ಕೂರ್ತೀನಿ. ನೀವು ಏನ್ ಮಾಡ್ತೀರ ಅಂತ ನೋಡ್ಬೇಕು" ಎಂದ.

ಕಾರಿನ ಯಜಮಾನನಿಗೆ ಬೇಡ ಎನ್ನುವುದು ಹೇಗೆ? ಅಕ್ಕ ಹಿಂದೆ ಕೂತಳು, ಅವಳ ಪಕ್ಕ ನಾನು. ಇನ್ನು ಚಿವುಟುವುದು ಎಲ್ಲಿಂದ ಬಂತು! ಏರು ಶುರುವಾಗುತ್ತಲೇ ಬಡಿತವೂ ಶುರುವಾಯಿತು. ಭಾವ ಕನ್ನಡಿಯಲ್ಲಿ ಅಕ್ಕನ ಮುಖ ಹುಡುಕಿದರು; ಸಿಕ್ಕಿದ್ದು ನನ್ನ ಮುಖ.

"ಗೋವಿಂದಾ!" ಎಂದು ಅಕ್ಕ ಕೂಗಿದಳು.

ಭಾವನಿಗೆ ತಕ್ಷಣ ಹೊಳೆಯಿತು. ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ ತಿರುಗಿಸಿದರು. ಮತ್ತೆ ಹೊರಟಾಗ ಬಡಿತ ಸಣ್ಣಗಾಗಿತ್ತು. "ಗೋವಿಂದಾ!" ಮತ್ತೆ ನಿಲ್ಲಿಸಿದರು, ಮತ್ತೆ ತಿರುಗಿಸಿದರು. ಅಬ್ಬಾ, ಎಂಥ ತಲೆ ನಮ್ಮಕ್ಕನದು! ಮುಂದಿನ ಸಲ ಇಂಜಿನ್ನು ಮಗುವಿನ ಹಾಗೆ ಸುಮ್ಮನಾಗಿ ಏರು ಹತ್ತುತ್ತಿತ್ತು. ಗೆದ್ದೆವು ಎಂದುಕೊಂಡೆ.

ಅಷ್ಟರಲ್ಲಿ ತಿರುವಿನಾಚೆ ಗೋಪುರ ಕಂಡಿತು. ರವೀಂದ್ರ ಎರಡೂ ಕೈ ಮುಗಿದು, "ಗೋವಿಂದಾ... ಗೋವಿಂದ!" ಎಂದು ಗಂಟಲು ಹರಿಯುವಂತೆ ಕೂಗಿದ. ಬೆಟ್ಟ ಹತ್ತುವಾಗ ಒಬ್ಬರು ಕೂಗಿದರೆ ಇನ್ನೊಬ್ಬರು ಕೂಗಲೇಬೇಕಲ್ಲ, ಅಕ್ಕನ ಭಕ್ತಿ ಅವನಿಗೂ ಅಂಟಿಕೊಂಡಿತ್ತು. ಇಂಜಿನ್ನಿನ ಗದ್ದಲದಲ್ಲಿ, ತಿರುವಿನ ಮೇಲೆ ಕಣ್ಣಿಟ್ಟಿದ್ದ ಭಾವನಿಗೆ ಗೋವಿಂದ ಕೇಳಿತೇ ಹೊರತು ಕೂಗಿದವರು ಯಾರೆಂದು ತಿಳಿಯಲಿಲ್ಲ. ನಿಲ್ಲಿಸಿ ಕಿಡಿಯನ್ನು ಇನ್ನೂ ತಡ ಮಾಡಿದರು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ದೇವರ ಹೆಸರು ಹೇಳಬೇಡ ಎನ್ನುವುದು ಯಾವ ಬಾಯಲ್ಲಿ? ಮುಂದಿನ ತಿರುವಿನಲ್ಲಿ ಮಹರಾಯ ಮತ್ತೊಮ್ಮೆ ಕೂಗಿದ, ಭಾವ ಮತ್ತೊಮ್ಮೆ ತಿರುಗಿಸಿದರು. ಗಾಡಿ ಏದುಸಿರು ಬಿಡುತ್ತ ಅಷ್ಟು ದೂರ ಹೋಗಿ, ಬುಸ್ ಎಂದು ಹಬೆ ಉಗುಳಿ ನಿಂತಿತು.

ಭಾವನ ಮುಖ ಕಪ್ಪಿಟ್ಟಿತ್ತು. ಕ್ಯಾನು ಹಿಡಿದು ನೀರಿಗೆಂದು ದೇವಸ್ಥಾನದ ಕಡೆ ನಡೆದರು. ಅವರು ಮರೆಯಾಗುತ್ತಲೇ ರವೀಂದ್ರ ಎಗರಾಡಿದ. "ಚೆಂದಾಗಿ ಓಡ್ತಿದ್ದ ಗಾಡೀನ ಕೆಡಿಸ್ಬುಟ್ರಲ್ಲ! ಆವಯ್ಯನಿಗೆ ಕಿವಿ ಕೇಳ್ತದಾ, ಇಲ್ವಾ?"

"ನೀನು ಬಾಯಿ ಮುಚ್ಕೊಂಡಿದ್ದಿದ್ರೆ..." ಎಂದು ನಾನು ಮುಂದೆ ನುಗ್ಗಿದೆ. ಅಕ್ಕ ಅಡ್ಡ ಬಂದಳು.

"ಇಲ್ಲ ಕಣಪ್ಪ, ಅವ್ರಿಗೆ ಕೇಳಾಕಿಲ್ಲ. ಕೇಳೋಳು ನಾನು. ಬಡ್ದಾಗ ಗೋವಿಂದ ಅಂತೀನಿ, ನಿಲ್ಲುಸ್ತಾರೆ. ಬಡೀದೆ ಇದ್ದಾಗ ನೀನಂದ್ಬುಟ್ಟೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಂಗೆ ಗೊತ್ತಾಯ್ತು ಅಂತ ಅವ್ರಿಗೆ ಗೊತ್ತಾಗ್ಬಾರ್ದು. ಆಮ್ಯಾಕೆ ಸ್ಪ್ಯಾನರ್ ಮುಟ್ಟಾಕಿಲ್ಲ."

ಅವನು ಹೋಗಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಸಂಜೆಯೊಳಗೆ ನಾಗಮಂಗಲದ ಸ್ಟ್ಯಾಂಡಿನಲ್ಲಿ ನಗುತ್ತ ಏನೇನು ಹೇಳುತ್ತಾನೋ ಎಂದು ನಾನು ಲೆಕ್ಕ ಹಾಕತೊಡಗಿದೆ.

ಭಾವ ನೀರು ತಂದು, ಇಂಜಿನ್ನು ತಣ್ಣಗಾದ ಮೇಲೆ ಸುರಿದರು. ರವೀಂದ್ರ ಎದ್ದು, "ಮುಂದ್ಗಡೆ ಬಿಸ್ಲು" ಎಂದು ಗೊಣಗಿ ಹಿಂದೆ ಬಂದು ಕೂತ. ಅಕ್ಕ ಮುಂದೆ ಹೋದಳು. ಭಾವ ಕಿಡಿ ಬೇಗ ಹತ್ತುವಂತೆ ತಿರುಗಿಸಿ, ಕೆಳಕ್ಕಿಳಿದು ಮತ್ತೆ ಹತ್ತಿಸಿದರು. ಚಿವುಟಿದಳು, ತಿರುಗಿಸಿದರು. ಕೊನೆಗೆ ಫಿಯಟ್ಟು ಒಂದು ಸಲವೂ ಬಡಿಯದೆ, ಕುದಿಯದೆ ಬೆಟ್ಟದ ತುದಿ ಮುಟ್ಟಿತು. ರವೀಂದ್ರ ಇಳಿದು ಗುಡಿಯ ಕಡೆ ನಡೆದ.

ಗುಡಿಯಲ್ಲಿ ಅಯ್ನೋರು ತುಳಸಿ ಹಾರ ಹಾಕಿ ಮಂಗಳಾರತಿ ಎತ್ತಿದರು. ಎಡಗೈಯಲ್ಲಿ ಗಂಟೆ ಕಿಣಿಕಿಣಿ ಎನ್ನುತ್ತಿತ್ತು. ಭಾವ ಕಣ್ಣು ಮುಚ್ಚಿ ನಿಂತಿದ್ದರು. ಕಣ್ಣು ಬಿಟ್ಟವರು ಅಕ್ಕನ ಕಡೆ ಬಗ್ಗಿ ಕೇಳಿದರು:

"ಯಶೋದಾ, ಅಯ್ನೋರು ಇವತ್ತು ಗಂಟೆ ಬಾರಿಸ್ಲೇ ಇಲ್ವಲ್ಲ?"

ಅಕ್ಕ ರವೀಂದ್ರನ ಕಡೆ ನೋಡಿದಳು.

ಆರತಿ ತೆಗೆದುಕೊಳ್ಳುತ್ತಿದ್ದ ರವೀಂದ್ರ ಕೈಯನ್ನು ಕಣ್ಣಿಗೊತ್ತಿಕೊಂಡು, "ಇಲ್ಲ ಸೋಮಣ್ಣ, ಬಾರಿಸ್ಲಿಲ್ಲ" ಎಂದ. "ನಂಗೂ ಕೇಳ್ಲಿಲ್ಲ."

ಭಾವ ತಲೆಯಾಡಿಸಿ ತೀರ್ಥಕ್ಕೆ ಕೈಯೊಡ್ಡಿದರು.